ಗೊತ್ತಿಲ್ಲ ಎಂದಾದ ಮೇಲೆ

ಕೇಳಿದ ಪ್ರಶ್ನೆಗೆ ಮಗು ಬಾಯಿ ತೆರೆಯುವವರೆಗಿನ ಹೊತ್ತು ಬಲು ಪುಟ್ಟದು. ಅಷ್ಟರಲ್ಲೇ ಕಾಲಿನ ಹೆಬ್ಬೆರಳು ನೆಲದ ಮೇಲೆ ಏನನ್ನೋ ಬರೆಯುತ್ತದೆ, ಬೆರಳುಗಳು ಅಂಗಿಯ ಗುಂಡಿಯನ್ನು ತಿರುವಿ ತಿರುವಿ ಸಡಿಲಿಸುತ್ತವೆ, ಕಣ್ಣು ಕಿಟಕಿಯಾಚೆ ಹೋಗಿ ಗುಬ್ಬಿಯೊಂದನ್ನು ಮುಟ್ಟಿ ಮರಳುತ್ತದೆ, ಕೊನೆಗೆ 'ಗೊತ್ತಿಲ್ಲ' ಎಂಬ ಉತ್ತರ ಬರುತ್ತದೆ. ಸಾಮಾನ್ಯವಾಗಿ ನಾವು ಅಲ್ಲಿಗೇ ಎದ್ದುಬಿಡುತ್ತೇವೆ. ಏಳದೆ ಕುಳಿತೇ ಇದ್ದರೆ ಏನು ತೆರೆದುಕೊಳ್ಳುತ್ತದೆ ಎಂಬುದು ನನಗೆ ತೀರದ ಬೆರಗು.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಸ್ ಗ್ರೀನ್ 1998ರಲ್ಲಿ 'ದಿ ಎಕ್ಸ್‌ಪ್ಲೋಸಿವ್ ಚೈಲ್ಡ್' ಬರೆದಾಗ, ಮಾತುಮಾತಿಗೆ ಸಿಡಿದೇಳುವ ಮಕ್ಕಳ ಬಗ್ಗೆ ಅವರು ಇಟ್ಟುಕೊಂಡ ನಂಬಿಕೆ ಇಷ್ಟೇ: ಕೈಲಾಗುವುದಾದರೆ ಮಗು ಚೆನ್ನಾಗಿಯೇ ನಡೆದುಕೊಳ್ಳುತ್ತದೆ. ನಡೆದುಕೊಳ್ಳದಿದ್ದರೆ ಮನಸ್ಸಿಲ್ಲ ಎಂದಲ್ಲ. ನಿರಾಸೆಯನ್ನು ತಾಳಿಕೊಳ್ಳುವ, ಎಣಿಸಿದ್ದು ಬದಲಾದಾಗ ಬಾಗುವ, ಸಂಕಟಕ್ಕೆ ಮಾತು ಹುಡುಕುವ ಬಲ ಅದಕ್ಕಿನ್ನೂ ಕೂಡಿಬಂದಿಲ್ಲ. ದೊಡ್ಡವರ ಮುಂದೆ ಮೂರು ದಾರಿಗಳಿವೆ: ತಮ್ಮ ಇಷ್ಟವನ್ನು ಹೇರುವುದು ಪ್ಲಾನ್ ಎ, ಸದ್ಯಕ್ಕೆ ಬಿಟ್ಟುಬಿಡುವುದು ಪ್ಲಾನ್ ಸಿ, ಜೊತೆಗೆ ಕುಳಿತು ಬಿಡಿಸುವುದು ಪ್ಲಾನ್ ಬಿ. ಕಚೇರಿಯ ಕಡತದಂಥ ಹೆಸರುಗಳು. ಆದರೆ ಆ ನಡುವಿನ 'ಬಿ'ಯ ಮೊದಲ ಹೆಜ್ಜೆಯಲ್ಲಿ, ದೊಡ್ಡವರು ತಮ್ಮ ಊಹೆಗಳನ್ನೆಲ್ಲ ಹೊರಗಿಟ್ಟು ಬರಿದಾಗಿ ಕೇಳಿಸಿಕೊಳ್ಳುವ ಆ ಗಳಿಗೆಯಲ್ಲಿ, ದೇವರ ಕೋಣೆಯ ಹೊಸ್ತಿಲಲ್ಲಿ ನಿಂತಂಥದೇನೋ ಇದೆ.

ಎಣ್ಣೆಸ್ನಾನದ ಬೆಳಗನ್ನು ನೆನೆಯಿರಿ. ಹರಳೆಣ್ಣೆ ಹಣೆಗಿಳಿದು ಹುಬ್ಬಿನಲ್ಲಿ ತಂಗಿದೆ, ಹಂಡೆಯ ನೀರಿನ ಹಬೆಗೆ ಗೋಡೆ ಬೆವರಿದೆ, ಸೀಗೆಪುಡಿಯ ಘಾಟು ಮೂಗು ತುಂಬಿದೆ. ಮಗು ಬಚ್ಚಲ ಬಾಗಿಲಿಗೆ ಆತು ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ, ಚೊಂಬನ್ನು ಒದೆಯುತ್ತದೆ, ಹಿಡಿಯಬಂದ ಕೈಯನ್ನು ಕಚ್ಚುತ್ತದೆ. ಆಗ ಕೇಳಿ ಫಲವಿಲ್ಲ, ಕಾದ ತಲೆಗೆ ಮಾತು ಇಳಿಯುವುದಿಲ್ಲ. ಕೇಳುವುದು ಇನ್ನೊಂದು ಸಂಜೆ, ಸ್ನಾನದ ಸುದ್ದಿಯೇ ಇಲ್ಲದ ಹೊತ್ತಿನಲ್ಲಿ, ಅವರೆಕಾಯಿ ಸುಲಿಯುತ್ತ, ಕಚ್ಚಿದ್ದನ್ನೂ ಕಿರುಚಿದ್ದನ್ನೂ ಎತ್ತದೆ: "ತಲೆಗೆ ನೀರು ಹಾಕ್ಕೊಳ್ಳೋದು ಕಷ್ಟ ಆಗ್ತಿದೆ ಅನ್ಸತ್ತೆ ಕಂದ, ಏನಾಗತ್ತೆ?" ಗೊತ್ತಿಲ್ಲ, ಅನ್ನುತ್ತದೆ. ಇನ್ನೊಂದಷ್ಟು ಕಾಯಿ ಸುಲಿಯುವವರೆಗೆ ಯಾರೂ ಮಾತಾಡುವುದಿಲ್ಲ. ಆಮೇಲೆ ಎಲ್ಲಿಂದಲೋ ಬಂದಂತೆ, "ನೀರು ಬಿದ್ದಾಗ ನೀನು ಇರಲ್ಲ" ಎಂಬ ಮಾತು ಬರುತ್ತದೆ. ಕೆದಕದೆ, ತಿದ್ದದೆ, 'ಇರಲ್ವಾ?' ಎಂದಷ್ಟೇ ಮರುದನಿಸಿದರೆ ಉಳಿದದ್ದೂ ಬರುತ್ತದೆ: ಕಣ್ಣು ಮುಚ್ಚಿರುತ್ತದೆ, ಕಿವಿಯಲ್ಲಿ ನೀರಿನ ಭೋರ್ಗರೆತ, ಅಮ್ಮನ ದನಿ ಅಳಿಸಿಹೋಗುತ್ತದೆ, ಮುಂದಿನ ಚೊಂಬು ಯಾವಾಗ ಬೀಳುತ್ತದೋ ತಿಳಿಯುವುದಿಲ್ಲ. ತನ್ನ ಮಡಿಲಲ್ಲೇ ಬೆಳೆದ ಜೀವದೊಳಗೆ ಇಂಥದೊಂದು ಕಗ್ಗತ್ತಲೆ ಇತ್ತೆಂದು, ವಾರವಾರವೂ ಅದರ ಮೇಲೆ ನೀರು ಸುರಿದ ತಾಯಿಗೂ ತಿಳಿದಿರುವುದಿಲ್ಲ.

ಆಮೇಲೆ ತಾಯಿಯ ಚಿಂತೆಯೂ ಬರಬೇಕು, ಎಣ್ಣೆ ಉಳಿದರೆ ತಲೆ ಅಂಟುತ್ತದೆ, ನಾಳೆ ಶಾಲೆಯಿದೆ ಎಂದು. ಎರಡನ್ನೂ ಎದುರಿಟ್ಟುಕೊಂಡು, ಇಬ್ಬರಿಗೂ ಒಗ್ಗುವಂಥದು ಏನಾದರೂ ಇದೆಯಾ ಎಂದು ಮಗುವನ್ನೇ ಮೊದಲು ಕೇಳಿದರೆ, ಸಣ್ಣ ಲೋಟದಲ್ಲಿ ನಾನೇ ಸುರಿದುಕೊಳ್ಳುತ್ತೇನೆ, ನೀನು ನನ್ನ ಕಾಲು ಮುಟ್ಟಿಕೊಂಡಿರು ಅನ್ನಬಹುದು. ಒಪ್ಪಂದ ಎರಡು ವಾರ ನಡೆದು ಮೂರನೆಯ ವಾರ ಮುರಿಯಬಹುದು; ಮುರಿದರೆ ಇನ್ನೂ ಕೇಳದೆ ಉಳಿದದ್ದಿದೆ ಎಂದು ಮತ್ತೊಂದು ಸಂಜೆ ಕುಳಿತುಕೊಳ್ಳುವುದು. ಸೀಗೆಪುಡಿಯ ಬಗ್ಗೆಯಂತೂ ಮಗು ಇನ್ನೂ ಬಾಯಿಬಿಟ್ಟಿಲ್ಲ.