ಜೂಲಿ ಗುಂಡರ್ಟ್ ಎಂಬ ಅಜ್ಜಿ

ವೇದಪಾಠ: 2 ತಿಮೊಥೆಯನಿಗೆ 1:3-7



ಹೊಸ ಒಡಂಬಡಿಕೆಯಲ್ಲಿ ಹೆಸರು ಹೇಳಿ ಅಜ್ಜಿ ಎಂದು ಗುರುತಿಸಿರುವುದು ಲೋವಿ ಒಬ್ಬಳನ್ನೇ. ಸೆರೆಯಲ್ಲಿದ್ದ ಪೌಲನಿಗೆ ತಿಮೊಥೆಯನ ನೆನಪಾದಾಗ, ಆ ಹುಡುಗನ ಅಜ್ಜಿಯೂ ತಾಯಿ ಯೂನಿಕೆಯೂ ಜೊತೆಯಲ್ಲೇ ನೆನಪಾದರು. ಲೋವಿಯ ಗಂಡ ಯಾರು, ಅವಳು ಏನೇನು ಕಂಡಳು, ಏನೇನು ಉಂಡಳು, ಒಂದೂ ನಮಗೆ ಗೊತ್ತಿಲ್ಲ. ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಾಳೆ. ನಮ್ಮ ಕರಾವಳಿಯ ಸಭೆಗಳ ಚರಿತ್ರೆಯಲ್ಲೂ ಹೀಗೆ ಒಂದೇ ವಾಕ್ಯದಲ್ಲಿ ಬಂದು ಹೋಗುವ ಅಜ್ಜಿಯೊಬ್ಬರಿದ್ದಾರೆ. ಇವತ್ತು ಅವರ ಬಗ್ಗೆ ನಾಲ್ಕು ಮಾತು ಹೆಚ್ಚಿಗೆ ಹೇಳುತ್ತೇನೆ.

ಹರ್ಮನ್ ಗುಂಡರ್ಟರ ಹೆಸರು ಬಾಸೆಲ್ ಮಿಶನ್ ಪರಂಪರೆಯ ಮನೆಗಳಲ್ಲಿ ಕೇಳಿಯೇ ಇರುತ್ತೀರಿ. 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮಲಯಾಳ ನಿಘಂಟು ಅವರದು. "ಪತ್ನಿ ಜೂಲಿ ಅವರಿಗೆ ನೆರಳಾಗಿದ್ದರು" ಎನ್ನುವುದು ವಾಡಿಕೆ. ಆದರೆ ಜೂಲಿ ಯಾರ ಹೆಂಡತಿಯಾಗಿಯೂ ಭಾರತಕ್ಕೆ ಬಂದವರಲ್ಲ. ಫ್ರೆಂಚ್ ಮಾತಾಡುವ ಸ್ವಿಸ್ ಊರಿನ ಜೂಲಿ ದ್ಯುಬೋವಾ 1836ರಲ್ಲಿ, ಮದುವೆಯಾಗದ ಹೆಣ್ಣುಮಗಳಾಗಿ, ಗ್ರೋವ್ಸ್ ಎಂಬ ಮಿಶನರಿಯ ತಂಡದೊಂದಿಗೆ ಹಡಗು ಹತ್ತಿದರು. ಗುಂಡರ್ಟರೂ ಅದೇ ತಂಡದಲ್ಲಿದ್ದರು, ಜೂಲಿಗಿಂತ ಐದು ವರ್ಷ ಚಿಕ್ಕವರು. 1838ರಲ್ಲಿ ಚಿತ್ತೂರಿನಲ್ಲಿ ಮದುವೆ, ಅದೇ ವರ್ಷ ಮಂಗಳೂರು, ಮರುವರ್ಷ ತಲಶ್ಶೇರಿ. ಅಲ್ಲಿ ಗಂಡ ತಾಳೆಗರಿ ಗ್ರಂಥಗಳನ್ನು ಕೂಡಿಹಾಕುತ್ತಿದ್ದರೆ ಹೆಂಡತಿ ಹೆಣ್ಣುಮಕ್ಕಳನ್ನು ಕೂಡಿಸಿ ಶಾಲೆ ನಡೆಸಿದರು. ಹುಡುಗಿಗೆ ಓದೇಕೆ ಎಂದು ಬಹಳ ಮಂದಿ ಕೇಳುತ್ತಿದ್ದ ಕಾಲ ಅದು. ನಿಘಂಟಿನ ಮೇಲೆ ಹೆಸರು ಅಚ್ಚಾಗುತ್ತದೆ. ಓದಲು ಕಲಿತ ಹುಡುಗಿಯ ಮೇಲೆ ಯಾರ ಹೆಸರೂ ಅಚ್ಚಾಗುವುದಿಲ್ಲ.

ಇಷ್ಟು ಹೇಳಿ ಆಮೆನ್ ಅಂದುಬಿಟ್ಟರೆ ನನಗೂ ಸುಲಭ, ನಿಮಗೂ ಹಿತ. ಆದರೆ ಜೂಲಿಯ ಬದುಕಿನಲ್ಲಿ ಒಂದು ನೋವಿನ ಭಾಗವಿದೆ. 1840ರ ದಶಕದ ನಡುವೆ ದಂಪತಿ ಯುರೋಪಿಗೆ ಹೋದರು. ಹಿಂತಿರುಗುವಾಗ ದೊಡ್ಡ ಮಕ್ಕಳನ್ನು ಅಲ್ಲೇ ಬಿಟ್ಟು ಬಂದರು. ಅವರಲ್ಲಿ ಮಗಳು ಮರೀಯೂ ಒಬ್ಬಳು. 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದ ಮಗು. ಇಲ್ಲಿನ ಜ್ವರ, ಬಿಸಿಲು, ಮಕ್ಕಳ ವಿದ್ಯೆ ಎಂದು ಕಾರಣಗಳಿದ್ದವು. ಮಿಶನರಿಗಳಲ್ಲಿ ಅದು ರೂಢಿಯೂ ಆಗಿತ್ತು. ಇಂಥ ಮಕ್ಕಳಿಗಾಗಿಯೇ ಬಾಸೆಲಿನಲ್ಲಿ ಮುಂದೆ ಒಂದು ಮನೆ ತೆರೆಯಬೇಕಾಯಿತು. ಕಾಗದಗಳು ವಾರಗಟ್ಟಲೆ ಪಯಣಿಸಿ ಬರಬೇಕಿದ್ದ ಕಾಲ. ಮಗುವಿನ ಒಂದು ಕಾಗದಕ್ಕೆ ತಾಯಿ ಎಷ್ಟು ಕಾಯಬೇಕಿತ್ತೋ ಲೆಕ್ಕ ಹಾಕಿ. ಮರೀ ತಾಯಿಯ ಬಳಿ ಮರಳಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ.

ಇದನ್ನು "ಮಹಾ ತ್ಯಾಗ" ಎಂದು ಹೊಗಳುವ ಪ್ರಸಂಗಗಳನ್ನು ಕೇಳಿದ್ದೇನೆ. ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ. ತಾಯಿ ಒಪ್ಪಿ ಕೊಟ್ಟಿರಬಹುದು, ಮಗುವನ್ನು ಯಾರೂ ಕೇಳಿರಲಿಲ್ಲ. ಹಾಗೆಂದು ಜೂಲಿಯ ಪ್ರೀತಿ ಕಡಿಮೆಯಿತ್ತೆಂದು ತೀರ್ಪು ಕೊಡಲು ನಾವ್ಯಾರು? ಯೂನಿಕೆಯೂ ಮಗನನ್ನು ಪೌಲನೊಂದಿಗೆ ಕಳಿಸಿಕೊಟ್ಟಳು. ಅವಳ ಕಣ್ಣೀರಿನ ಲೆಕ್ಕ ಅಪೊಸ್ತಲರ ಕೃತ್ಯಗಳಲ್ಲಿ ಇಲ್ಲ.

ಮರೀ ಮುಂದೆ ಮದುವೆಯಾದರು; 1870ರಲ್ಲಿ ಆ ಗಂಡ ತೀರಿಕೊಂಡರು. ಇಬ್ಬರು ಗಂಡುಮಕ್ಕಳೊಂದಿಗೆ ವಿಧವೆಯಾದ ಮರೀಗೆ ಆಸರೆಯಾದದ್ದು, ಅಷ್ಟರಲ್ಲಿ ಭಾರತ ಬಿಟ್ಟು ಜರ್ಮನಿಯ ಕಾಲ್ವ್ ಊರಿನಲ್ಲಿ ನೆಲೆಸಿದ್ದ ತಾಯ್ತಂದೆಯರ ಮನೆ. ಚಿಕ್ಕಂದಿನಲ್ಲಿ ದೂರ ಉಳಿದ ಮಗಳಿಗೆ ಜೂಲಿಯ ಮನೆಯ ಬಾಗಿಲು ಈಗ ತೆರೆದಿತ್ತು. ಮರೀ ಮುಂದೆ, ಮಂಗಳೂರಿನಲ್ಲಿ ದುಡಿದು ಮರಳಿದ್ದ ಯೋಹಾನ್ನೆಸ್ ಹೆಸ್ಸೆಯವರನ್ನು ಮದುವೆಯಾದರು. ಅವರ ಮಗನೇ 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್ಸೆ. ಜೂಲಿ 1885ರಲ್ಲಿ ತೀರಿಕೊಂಡಾಗ ಆ ಮೊಮ್ಮಗನಿಗೆ ಎಂಟು ವರ್ಷ. ಅವನೇನೂ ತಿಮೊಥೆಯನಾಗಲಿಲ್ಲ; ದೇವಶಾಸ್ತ್ರಕ್ಕೆಂದು ಸೇರಿಸಿದ ಸೆಮಿನರಿಯಿಂದ 1892ರಲ್ಲಿ ಓಡಿಹೋದ. ನಂಬಿಕೆ ಅಜ್ಜಿಯ ಒಡವೆಯಂತೆ ಪಾಲಿಗೆ ಬರುವುದಿಲ್ಲ. ಮೊಮ್ಮಕ್ಕಳು ಗುಡಿಗೆ ಬರುತ್ತಿಲ್ಲವೆಂದು ಕೊರಗುವ ಅಜ್ಜಿಯಂದಿರು ಇಲ್ಲಿದ್ದೀರಿ, ನಿಮಗಾಗಿಯೇ ಇದನ್ನು ಹೇಳಿದೆ.

ಈ ಸಭೆಯಲ್ಲಿ ಎಷ್ಟು ಮನೆಗಳ ತಾಯಂದಿರು ಕುವೈತಿನಲ್ಲಿ, ದುಬೈಯಲ್ಲಿ ನರ್ಸುಗಳಾಗಿದ್ದಾರೆ! ಅವರ ಮಕ್ಕಳಿಗೆ ಗಂಜಿ ಉಣಿಸಿ, ಸಂಡೇ ಸ್ಕೂಲಿಗೆ ಕೈಹಿಡಿದು ಕರೆತರುವವರು ಅಜ್ಜಿಯರೇ. ಆದರೂ ಅವರು ತೀರಿಹೋದಾಗ ನಾವು ಓದುವ ಜೀವನ ವೃತ್ತಾಂತ ಅರ್ಧ ಪುಟ: ಹುಟ್ಟಿದ್ದು, ಮದುವೆ, ಮಕ್ಕಳೆಷ್ಟು, "ಕುಟುಂಬಕ್ಕಾಗಿ ಜೀವ ಸವೆಸಿದರು". ಸಾಕೇ ಅದು?

ಪ್ರಿಯರೇ, ಇವತ್ತು ಮಧ್ಯಾಹ್ನ ಊಟವಾದ ಮೇಲೆ ಮನೆಯ ಹಿರಿಯಳ ಪಕ್ಕ ಕುಳಿತುಕೊಳ್ಳಿ. ಎಲ್ಲಿ ಓದಿದಿರಿ, ಯಾವಾಗ ಓದು ಬಿಡಿಸಿದರು, ಏನಾಗಬೇಕೆಂದಿತ್ತು, ಯಾವುದು ಇಂದಿಗೂ ನೋಯುತ್ತದೆ ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. ಬರೆದದ್ದನ್ನು ಅವರಿಗೇ ಒಮ್ಮೆ ಓದಿ ಹೇಳಿ, ತಪ್ಪಿದ್ದರೆ ಅವರೇ ತಿದ್ದಲಿ.