ಪೀಠದ ಮೋಹ ಮತ್ತು ನುಡಿಯ ಸಾಕ್ಷಿ

ವಚನವೆಂದರೆ ಮಾತು. ವಚನವೆಂದರೆ ಕೊಟ್ಟ ಭಾಷೆಯೂ ಅಹುದು. ಈ ಎರಡು ಅರ್ಥಗಳೂ ಒಂದೇ ಶಬ್ದದಲ್ಲಿ ಅಡಗಿರುವುದರ ಮರ್ಮವನ್ನು ಶರಣರು ಚೆನ್ನಾಗಿ ಬಲ್ಲವರಾಗಿದ್ದರು. ಆಡಿದ ಮಾತು ಆಡಿದವನನ್ನು ಬಿಟ್ಟು ಹೋಗುವುದಿಲ್ಲ. ಅದು ಅವನ ಬೆನ್ನ ಹಿಂದೆಯೇ ನಡೆದು ಬಂದು ಒಂದು ದಿನ ಅವನ ಎದುರಿಗೆ ಸಾಕ್ಷಿಯಾಗಿ ನಿಲ್ಲುವುದು. ಆದುದರಿಂದಲೇ ನಡೆ ನುಡಿಗಳ ಏಕತೆಯನ್ನು ಅವರು ಸಕಲ ವ್ರತಗಳಿಗೂ ಮಿಗಿಲಾದ ವ್ರತವೆಂದು ಎಣಿಸಿದರು. ಒಳಗೊಂದು ಹೊರಗೊಂದು ಆದವನಿಗೆ ಪೂಜೆಯೂ ಫಲಿಸದು, ಪದವಿಯೂ ನಿಲ್ಲದು ಎಂಬುದು ಅವರ ಉಪದೇಶದ ಸಾರ.

ಈ ತತ್ತ್ವವು ಕಲ್ಯಾಣ ಪಟ್ಟಣಕ್ಕೆ ಮಾತ್ರವೇ, ಹನ್ನೆರಡನೆಯ ಶತಮಾನಕ್ಕೆ ಮಾತ್ರವೇ ಸಲ್ಲುವುದೆಂದು ಭಾವಿಸುವವರುಂಟು. ಅಂಥವರು ಅಮೆರಿಕ ಸಂಯುಕ್ತ ಸಂಸ್ಥಾನಗಳ ಮೂವತ್ತೇಳನೆಯ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ನರ ಚರಿತ್ರೆಯನ್ನು ಒಮ್ಮೆ ಅವಲೋಕಿಸಬೇಕು. ಪರನಿಂದೆಯು ಭಕ್ತನಿಗೆ ಸಲ್ಲದು. ಸತ್ತವರ ದೋಷವನ್ನೆಣಿಸಿ ಸಂತೋಷಪಡುವುದಂತೂ ಸರ್ವಥಾ ಸಲ್ಲದು. ಒಬ್ಬರು ಎಡವಿದ ಕಲ್ಲು ಹಿಂದೆ ಬರುವವರಿಗೆ ಗುರುತಾಗಲಿ ಎಂಬ ಭಾವದಿಂದ ಮಾತ್ರ ಈ ಸಂಗತಿಗಳನ್ನು ನೆನೆಯಬಹುದು.

ನಿಕ್ಸನ್ನರು ಹುಟ್ಟಿದ್ದು 1913ರಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯದ ಒಂದು ಸಾಮಾನ್ಯ ಒಕ್ಕಲು ಮನೆಯಲ್ಲಿ. ತಂದೆಯ ನಿಂಬೆಯ ತೋಟ ಕೈಗೂಡಲಿಲ್ಲ. ಕುಟುಂಬವು ವಿಟಿಯರ್ ಎಂಬ ಊರಿಗೆ ಬಂದು ದಿನಸಿ ಅಂಗಡಿಯನ್ನು ಇಟ್ಟಿತು. ಹುಡುಗ ರಿಚರ್ಡ್ ನಸುಕಿನಲ್ಲೆದ್ದು ಲಾಸ್ ಏಂಜಲೀಸಿನ ಪೇಟೆಗೆ ಹೋಗಿ, ತರಕಾರಿ ತಂದು, ಅಂಗಡಿಯಲ್ಲಿ ಜೋಡಿಸಿ, ಆಮೇಲೆ ಪಾಠಕ್ಕೆ ಹೋಗುವನು. ಇಬ್ಬರು ಒಡಹುಟ್ಟಿದವರನ್ನು ಮೃತ್ಯುವು ಅಕಾಲದಲ್ಲಿ ಒಯ್ದಿತು. ಇಂತಹ ಕಷ್ಟದಿಂದ ಮೇಲೆದ್ದು ಬಂದು ಅವರು 1953ರಿಂದ 1961ರವರೆಗೆ ದೇಶದ ಉಪಾಧ್ಯಕ್ಷರಾದರು. 1960ರ ಚುನಾವಣೆಯಲ್ಲಿ ಸೋತರು. 1968ರಲ್ಲಿ ಗೆದ್ದು ಅಧ್ಯಕ್ಷರಾದರು. 1972ರ ಫೆಬ್ರುವರಿಯಲ್ಲಿ ಚೀನಾ ದೇಶಕ್ಕೆ ಹೋಗಿ, ಎರಡು ದಶಕಗಳಿಗೂ ಮಿಗಿಲಾಗಿ ಮುಚ್ಚಿದ್ದ ಬಾಗಿಲನ್ನು ತೆರೆದರು. ಅದೇ ವರ್ಷದ ನವೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ 50 ರಾಜ್ಯಗಳ ಪೈಕಿ 49 ರಾಜ್ಯಗಳು ಅವರನ್ನೇ ಆರಿಸಿದವು. ಸಾಮರ್ಥ್ಯಕ್ಕೆ ಕೊರತೆಯಿರಲಿಲ್ಲ, ಜನಮನ್ನಣೆಗೆ ಮಿತಿಯಿರಲಿಲ್ಲ. ಇಷ್ಟಿದ್ದೂ ಎರಡು ವರ್ಷ ತುಂಬುವುದರೊಳಗೆ ಅವರು ಆ ಪೀಠದಿಂದ ಇಳಿದು ಹೋಗಬೇಕಾಯಿತು.

ಇದಕ್ಕೆ ಮೂಲವೇನು? ಮೋಹದ ಲಕ್ಷಣವೊಂದುಂಟು: ಕೈಯಲ್ಲಿರುವುದು ಹೆಚ್ಚಿದಷ್ಟೂ ಅದು ಕಳೆದುಹೋದೀತೆಂಬ ಭಯವೂ ಹೆಚ್ಚುವುದು. ಭಯ ಹೆಚ್ಚಿದಂತೆ ಎಲ್ಲರೂ ಶತ್ರುಗಳಾಗಿ ತೋರುವರು. ನಿಕ್ಸನ್ನರ ಆಸ್ಥಾನದಲ್ಲಿ ಶತ್ರುಗಳ ಹೆಸರಿನ ಪಟ್ಟಿಯನ್ನೇ ಬರೆದಿಟ್ಟಿದ್ದರು. ಅವರ ಪುನರಾಯ್ಕೆಗಾಗಿ ದುಡಿಯುತ್ತಿದ್ದ ಜನರು ಎದುರು ಪಕ್ಷದ ಗುಟ್ಟನ್ನರಿಯಲು ಕಳ್ಳದಾರಿ ಹಿಡಿದರು. 1972ರ ಜೂನ್ 17ರ ರಾತ್ರಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಎಂಬ ಕಟ್ಟಡದಲ್ಲಿ ಡೆಮೊಕ್ರಾಟಿಕ್ ಪಕ್ಷದ ಕಚೇರಿಗೆ ಐವರು ನುಗ್ಗಿದರು. ಅಲ್ಲಿ ಫ್ರಾಂಕ್ ವಿಲ್ಸ್ ಎಂಬ ತರುಣನು ರಾತ್ರಿಯ ಕಾವಲುಗಾರನಾಗಿದ್ದನು. ಬಾಗಿಲಿನ ಚಿಲಕ ಬೀಳದಂತೆ ಅಂಟುಪಟ್ಟಿ ಹಚ್ಚಿದ್ದನ್ನು ಕಂಡು ಅವನು ಕಿತ್ತು ಹಾಕಿದನು. ಮತ್ತೊಮ್ಮೆ ಸುತ್ತು ಬಂದಾಗ ಪಟ್ಟಿಯನ್ನು ಪುನಃ ಹಚ್ಚಿರುವುದು ಕಂಡಿತು; ಒಡನೆಯೇ ಪೋಲೀಸರನ್ನು ಕರೆದನು. ಐವರೂ ಸೆರೆ ಸಿಕ್ಕರು. ಭೂಮಂಡಲದ ಪ್ರಬಲ ರಾಜ್ಯದ ಪೀಠವು ಅಲುಗಲು ಮೊದಲಾದದ್ದು ಒಬ್ಬ ಕಾವಲುಗಾರನು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿದುದರಿಂದ! ಕಾಯಕದಲ್ಲಿ ಮೇಲು ಕೀಳಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕೇ?

ಆ ಕಳವನ್ನು ಮಾಡಿಸಿದವರು ಅಧ್ಯಕ್ಷರೇ ಎಂಬುದು ಸಿದ್ಧವಾಗಿಲ್ಲ. ಸಿದ್ಧವಾದುದು ಬೇರೆ. ಆರು ದಿನಗಳ ಮೇಲೆ, ಜೂನ್ 23ರಂದು, ಅವರು ತಮ್ಮ ಆಪ್ತಾಧಿಕಾರಿ ಹಾಲ್ಡಮನ್ನರೊಡನೆ ಕುಳಿತು, ಗುಪ್ತಚರ ಸಂಸ್ಥೆಯ ಮೂಲಕ ಪೋಲೀಸ್ ತನಿಖೆಯನ್ನು ತಡೆಸುವ ಹಂಚಿಕೆಗೆ ಒಪ್ಪಿದರು. ಆ ಕೋಣೆಯಲ್ಲಿ ಮೂರನೆಯವರು ಇರಲಿಲ್ಲ. ಆದರೆ 1971ರಲ್ಲಿ ಅಧ್ಯಕ್ಷರೇ ತಮ್ಮ ಕಚೇರಿಯಲ್ಲಿ ಗುಪ್ತವಾಗಿ ಧ್ವನಿಮುದ್ರಣ ಯಂತ್ರಗಳನ್ನು ಇಡಿಸಿದ್ದರು. ಆಡಿದ ಮಾತೆಲ್ಲವೂ ಸುರುಳಿಯಲ್ಲಿ ಕುಳಿತಿತು. ಅನ್ಯರ ಮಾತನ್ನು ಹಿಡಿದಿಡಲು ಇಟ್ಟ ಯಂತ್ರವು ಇಟ್ಟವರ ಮಾತನ್ನೇ ಹಿಡಿದಿಟ್ಟಿತು. ಅಂತಃಸಾಕ್ಷಿ ಎಂದು ಹಿರಿಯರು ಹೇಳುವುದುಂಟು. ಅದಕ್ಕೆ ಇಲ್ಲಿ ಕಿವಿಗೆ ಕೇಳುವ ರೂಪವೇ ದೊರಕಿತು.

ತಪ್ಪು ಹೊರಬೀಳುತ್ತ ಬಂದಂತೆ ಆಸ್ಥಾನದಿಂದ ಒಬ್ಬೊಬ್ಬರಾಗಿ ಹೊರಬೀಳತೊಡಗಿದರು. ರಾಜೀನಾಮೆ ಎಂಬ ಹೆಸರು ಎಲ್ಲಕ್ಕೂ ಒಂದೇ. ಆದರೆ ಅದರೊಳಗಿನ ಭಾವ ಒಂದೇ ಅಲ್ಲ. ಸದ್ಭಕ್ತರು ಈ ಭೇದವನ್ನು ಲಕ್ಷ್ಯವಿಟ್ಟು ನೋಡಬೇಕು.

ಮೊದಲನೆಯದು ಒಡೆಯನನ್ನು ಉಳಿಸುವುದಕ್ಕಾಗಿ ಸೇವಕನು ಹೋಗುವುದು. 1973ರ ಏಪ್ರಿಲ್ 30ರಂದು ಹಾಲ್ಡಮನ್ ಮತ್ತು ಎರ್ಲಿಕ್‌ಮನ್ ಎಂಬ ಇಬ್ಬರು ಪರಮಾಪ್ತರು ಹುದ್ದೆ ಬಿಟ್ಟರು. ಅಧ್ಯಕ್ಷರು ಅವರನ್ನು ಹೊಗಳುತ್ತಲೇ ಕಳುಹಿಸಿಕೊಟ್ಟರು. ಮುಂದೆ ಇಬ್ಬರೂ ಸೆರೆಮನೆಯನ್ನು ಕಂಡರು. ಹಡಗು ಮುಳುಗದಿರಲೆಂದು ಸರಕನ್ನು ಸಮುದ್ರಕ್ಕೆ ಎಸೆಯುವಂತೆ ಇದು. ರಂಧ್ರವು ಹಡಗಿನ ತಳದಲ್ಲಿಯೇ ಇರುವಾಗ ಸರಕು ಎಸೆದು ಪ್ರಯೋಜನವೇನು?

ಎರಡನೆಯದು ಸಿಕ್ಕಿಬಿದ್ದು ಹೋಗುವುದು. ಅದೇ ವರ್ಷದ ಅಕ್ಟೋಬರ್ 10ರಂದು ಉಪಾಧ್ಯಕ್ಷ ಸ್ಪೈರೋ ಆಗ್ನ್ಯೂ ಅವರು, ತಮ್ಮ ಬೇರೊಂದು ಪ್ರಕರಣದಲ್ಲಿ, ತೆರಿಗೆ ವಂಚನೆಯ ಆರೋಪಕ್ಕೆ ನ್ಯಾಯಾಲಯದಲ್ಲಿ ಎದುರಾಡದೆ ಪದವಿಯನ್ನು ತೊರೆದರು. ಇಲ್ಲಿ ತ್ಯಾಗವಿಲ್ಲ, ಇರುವುದು ನಿರುಪಾಯ.

ಮೂರನೆಯದು ಕೊಟ್ಟ ಮಾತಿಗಾಗಿ ಹೋಗುವುದು. ಎಲಿಯಟ್ ರಿಚರ್ಡ್‌ಸನ್ ಎಂಬವರು 1973ರ ಮೇ ತಿಂಗಳಲ್ಲಿ ಅಟಾರ್ನಿ ಜನರಲ್ ಪದವಿಗೆ ಬಂದಾಗ, ಈ ಪ್ರಕರಣದ ವಿಚಾರಣೆಗೆ ನೇಮಿಸುವ ವಿಶೇಷ ಅಭಿಯೋಜಕನನ್ನು ಸ್ವತಂತ್ರನಾಗಿ ಇರಗೊಡುವೆನೆಂದು ಸೆನೆಟ್ ಸಭೆಗೆ ಭಾಷೆಯಿತ್ತಿದ್ದರು. ಅಂತೆಯೇ ಆರ್ಚಿಬಾಲ್ಡ್ ಕಾಕ್ಸ್ ಎಂಬ ನ್ಯಾಯಪಂಡಿತರ ನೇಮಕವಾಯಿತು. ಜುಲೈ 16ರಂದು ಧ್ವನಿಸುರುಳಿಗಳ ಗುಟ್ಟು ಬಯಲಾಗಲು ಕಾಕ್ಸರು ಅವುಗಳನ್ನು ಬೇಡಿದರು; ಅಧ್ಯಕ್ಷರು ಕೊಡಲೊಲ್ಲದೆ ಹೋದರು. ಅಕ್ಟೋಬರ್ 20, ಶನಿವಾರದ ದಿನ, ಕಾಕ್ಸರನ್ನು ತೆಗೆದುಹಾಕಬೇಕೆಂದು ರಿಚರ್ಡ್‌ಸನ್ನರಿಗೆ ಅಪ್ಪಣೆಯಾಯಿತು. ಪದವಿ ಒಂದು ಕಡೆ, ಸೆನೆಟ್ಟಿಗೆ ಕೊಟ್ಟ ಮಾತು ಇನ್ನೊಂದು ಕಡೆ. ಅವರು ಮಾತನ್ನು ಉಳಿಸಿಕೊಂಡು ಪದವಿಯನ್ನು ಬಿಟ್ಟರು. ಅವರ ಕೆಳಗಿನ ವಿಲಿಯಂ ರಕಲ್‌ಶಾಸ್ ಅವರಿಗೆ ಅದೇ ಅಪ್ಪಣೆ ಬರಲು ಅವರೂ ಒಲ್ಲೆನೆಂದು ಹೊರನಡೆದರು. ಮೂರನೆಯ ಅಧಿಕಾರಿಯ ಕೈಯಿಂದ ಕಾಕ್ಸರನ್ನು ತೆಗೆಸಿದ್ದಾಯಿತು. ಆದರೆ ಆ ಒಂದು ರಾತ್ರಿಯಲ್ಲಿ ಪೀಠವು ಗಳಿಸಿದ್ದು ಏನೂ ಇಲ್ಲ. ದೇಶದ ಮೂಲೆಮೂಲೆಗಳಿಂದ ಸಾವಿರಾರು ತಂತಿಗಳು ರಾಜಧಾನಿಗೆ ಬಂದು ಬಿದ್ದವು. ಇಬ್ಬರು ಸತ್ಯವಂತರು ಬಿಟ್ಟು ಹೋದ ಕುರ್ಚಿಗಳು, ಉಳಿದು ಕುಳಿತವರಿಗಿಂತ ಗಟ್ಟಿಯಾಗಿ ಮಾತಾಡಿದವು.

ಇಷ್ಟಾದ ಮೇಲೆಯೂ ಪೀಠದ ಮೋಹ ಬಿಡಲಿಲ್ಲ. ನ್ಯಾಯಾಲಯದ ಆಜ್ಞೆಯಂತೆ ಕೆಲವು ಸುರುಳಿಗಳನ್ನು ಒಪ್ಪಿಸಿದಾಗ, ಕಳವು ನಡೆದ ಮೂರನೆಯ ದಿನದ ಸುರುಳಿಯಲ್ಲಿ 18 ನಿಮಿಷಗಳಿಗೂ ಮಿಗಿಲಾದ ಮಾತು ಅಳಿಸಿಹೋಗಿರುವುದು ತಿಳಿದುಬಂದಿತು. ಅಧ್ಯಕ್ಷರು ನವೆಂಬರ್ 17ರಂದು ಜನರ ಮುಂದೆ ನಿಂತು, ತಾವು ವಂಚಕರಲ್ಲವೆಂದು ಬಾಯಿಬಿಟ್ಟು ಹೇಳಿಕೊಂಡರು. ನಡೆಯು ಹೇಳಬೇಕಾದ ಮಾತನ್ನು ಬಾಯಿಯೇ ಹೇಳಬೇಕಾಗಿ ಬರುವುದಕ್ಕಿಂತ ದೀನವಾದ ಸ್ಥಿತಿ ಮನುಷ್ಯನಿಗೆ ಬೇರೊಂದಿಲ್ಲ. 1974ರ ಏಪ್ರಿಲ್ 30ರಂದು ತಿದ್ದಿದ ಬರಹರೂಪದಲ್ಲಿ ಸಂಭಾಷಣೆಗಳನ್ನು ಪ್ರಕಟಿಸಿದರು. ಅವು 1200 ಪುಟಗಳನ್ನೂ ಮೀರಿದವು. ಓದಿದ ಜನರು, ಅವರನ್ನು ಮೆಚ್ಚಿ ಆರಿಸಿದವರು ಕೂಡ, ಒಳಮನೆಯ ಆ ಭಾಷೆಯನ್ನು ಕಂಡು ತಲೆತಗ್ಗಿಸಿದರು.

ಜುಲೈ 24ರಂದು ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು. ವಿಚಾರಣೆಗೆ ಕುಳಿತ ಎಂಟು ಮಂದಿ ನ್ಯಾಯಾಧೀಶರಲ್ಲಿ ಮೂವರು ನಿಕ್ಸನ್ನರೇ ನೇಮಿಸಿದವರು. ಎಂಟು ಮಂದಿಯೂ ಒಮ್ಮತದಿಂದ, ಸುರುಳಿಗಳನ್ನು ಒಪ್ಪಿಸತಕ್ಕದ್ದೆಂದು ವಿಧಿಸಿದರು. ನೇಮಿಸಿದವರ ಋಣಕ್ಕಿಂತ ನ್ಯಾಯದ ಋಣ ದೊಡ್ಡದೆಂದು ಆ ಮೂವರು ತಿಳಿದಿದ್ದರು. ಅದೇ ತಿಂಗಳ ಕೊನೆಯಲ್ಲಿ ಪ್ರತಿನಿಧಿ ಸಭೆಯ ನ್ಯಾಯ ಸಮಿತಿಯು ಮೂರು ದೋಷಾರೋಪಗಳನ್ನು ಅಂಗೀಕರಿಸಿತು. ಆಗಸ್ಟ್ 5ರಂದು ಜೂನ್ 23ರ ಆ ಮಾತುಕತೆ ಲೋಕಕ್ಕೆ ತಿಳಿಯಿತು. ಎರಡು ದಿನಗಳ ಮೇಲೆ ಅವರ ಪಕ್ಷದ ಮೂವರು ಹಿರಿಯರು ಬಂದು, ಪದವಿ ಉಳಿಯಲು ಸೆನೆಟ್ಟಿನಲ್ಲಿ ಬೇಕಾದ 34 ಮತಗಳು ಇಲ್ಲವೆಂಬುದನ್ನು ಮನಗಾಣಿಸಿದರು. ಆಗಸ್ಟ್ 8ರ ರಾತ್ರಿ ನಿಕ್ಸನ್ನರು ರಾಜೀನಾಮೆಯನ್ನು ಸಾರಿದರು. 9ರಂದು ಅದು ಜಾರಿಗೆ ಬಂದಿತು. ಆ ದೇಶದಲ್ಲಿ ರಾಜೀನಾಮೆಯಿತ್ತ ಅಧ್ಯಕ್ಷರು ಅವರೊಬ್ಬರೇ. ಇದು ನಾಲ್ಕನೆಯ ಬಗೆಯದು: ಹಿಡಿಯಲು ಏನೂ ಉಳಿಯದಿರುವಾಗ ಕೈ ಬಿಡುವುದು.

ಹೊರಡುವ ಬೆಳಗ್ಗೆ ಅವರು ತಮ್ಮ ಪರಿವಾರದವರನ್ನು ಕೂಡಿಸಿ ಮಾತಾಡಿದರು. ದ್ವೇಷಿಸುವವರು ಗೆಲ್ಲುವುದು, ದ್ವೇಷಿಸಲ್ಪಟ್ಟವನು ತಾನೂ ತಿರುಗಿ ದ್ವೇಷಿಸಿದಾಗಲೇ. ಹಾಗೆ ದ್ವೇಷಿಸಿದವನು ತನ್ನನ್ನು ತಾನೇ ನಾಶಮಾಡಿಕೊಳ್ಳುವನು ಎಂಬರ್ಥದ ಮಾತು ಅವರ ಬಾಯಿಂದ ಬಂದಿತು. ಯಾವ ಗುರುವಾದರೂ ಶಿಷ್ಯನಿಗೆ ಹೇಳಬಹುದಾದ ಮಾತಿದು. ಅರಿವು ಬಂದಿತು, ಆದರೆ ವಿಮಾನ ಕಾದು ನಿಂತ ಹೊತ್ತಿನಲ್ಲಿ ಬಂದಿತು. ಒಂದು ತಿಂಗಳ ಮೇಲೆ, ಸೆಪ್ಟೆಂಬರ್ 8ರಂದು, ನೂತನಾಧ್ಯಕ್ಷ ಫೋರ್ಡ್ ಅವರು ಕ್ಷಮಾದಾನವಿತ್ತರು. ರಾಜದಂಡದ ಶಿಕ್ಷೆ ತಪ್ಪಿತು. ಆದರೆ 1977ರಲ್ಲಿ ದೂರದರ್ಶನದ ಸಂದರ್ಶನವೊಂದರಲ್ಲಿ, ತಾವು ದೇಶದ ಜನರ ವಿಶ್ವಾಸಕ್ಕೆ ಕುಂದು ತಂದುದಾಗಿಯೂ ಆ ಭಾರವನ್ನು ಬದುಕಿರುವವರೆಗೆ ಹೊರಬೇಕೆಂದೂ ಅವರೇ ಒಪ್ಪಿಕೊಂಡರು. 1994ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಭಾರದೊಡನೆಯೇ ಬಾಳಿದರು. ಪರರು ಕ್ಷಮಿಸಬಹುದು; ಆಡಿದ ನುಡಿಯು ಸಾಕ್ಷಿಯ ಕಟ್ಟೆಯಿಂದ ಇಳಿಯದು.

ಶರಣರಿಗೆ ಅಧಿಕಾರವು ಅಪರಿಚಿತವಾದ ವಸ್ತುವೇನೂ ಆಗಿರಲಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಕಲ್ಯಾಣದಲ್ಲಿ ಕ್ಷೋಭೆಯುಂಟಾದಾಗ ಅವರು ಪದವಿಯನ್ನು ಹಿಡಿದು ಕೂಡದೆ ಕೂಡಲಸಂಗಮಕ್ಕೆ ತೆರಳಿದರೆಂಬುದು ಸಂಪ್ರದಾಯದಿಂದ ಬಂದ ಮಾತು. ಭಂಡಾರವು ತನ್ನದಲ್ಲವೆಂದು ತಿಳಿದವನಿಗೆ ಅದನ್ನು ನಡೆಸುವುದೂ ಸುಲಭ, ಒಪ್ಪಿಸಿ ಹೋಗುವುದೂ ಸುಲಭ. ತನ್ನದೆಂದು ಬಗೆದವನಿಗೆ ಎರಡೂ ಕಷ್ಟ.

ಇದು ದೊಡ್ಡವರ ಮಾತಾಯಿತು, ಗೃಹಸ್ಥನಿಗೆ ಇದರಿಂದೇನು ಎಂದು ಕೇಳಬಹುದು. ಪ್ರತಿಯೊಂದು ಮನೆಯಲ್ಲಿಯೂ ಒಂದು ಪೀಠವುಂಟು. ಅಣ್ಣನ ಸೊಂಟದಲ್ಲಿ ಪೆಟ್ಟಿಗೆಯ ಕೀಲಿಕೈ ಇರುವುದು. ತಮ್ಮಂದಿರು ಲೆಕ್ಕ ಕೇಳಲು ಸಂಕೋಚಪಡುವರು. ಊರಿನ ಸಹಕಾರ ಸಂಘಕ್ಕೊಬ್ಬ ಅಧ್ಯಕ್ಷನಿರುವನು. ದೇವಸ್ಥಾನದ ಉತ್ಸವಕ್ಕೊಬ್ಬ ಧರ್ಮದರ್ಶಿಯಿರುವನು. ಪಾಲುದಾರಿಕೆಯ ಅಂಗಡಿಯಲ್ಲಿ ಗಲ್ಲೆಯ ಮುಂದೆ ಒಬ್ಬನು ಕೂರುವನು. ಎಲ್ಲಿಯೋ ಒಂದು ಸಣ್ಣ ತಪ್ಪು ನಡೆದುಹೋಗುವುದು, ಕೆಲವೊಮ್ಮೆ ಅವನಿಂದಲ್ಲ, ಅವನ ಕೈಕೆಳಗಿನವರಿಂದ. ಆ ದಿನವೇ ನಾಲ್ವರ ಮುಂದೆ ಅದನ್ನು ಹೇಳಿಬಿಟ್ಟರೆ ನಾಲ್ಕು ದಿನದ ಅವಮಾನದಿಂದ ಮುಗಿಯುವುದು. ಹೇಳದೆ ಬಚ್ಚಿಟ್ಟರೆ, ಬಚ್ಚಿಟ್ಟುದನ್ನು ಕಾಯಲು ಸುಳ್ಳೊಂದನ್ನು ನೇಮಿಸಬೇಕು. ಆ ಸುಳ್ಳನ್ನು ಕಾಯಲು ಇನ್ನೊಂದನ್ನು. ಕಡೆಗೆ ಲೆಕ್ಕ ಕೇಳಿದ ತಮ್ಮನೇ ಶತ್ರುವಾಗಿ ತೋರುವನು. ಸತ್ಯ ಹೇಳುವ ಗುಮಾಸ್ತನನ್ನು ಮನೆಗೆ ಕಳುಹಿಸಬೇಕಾಗುವುದು. ವಾಷಿಂಗ್ಟನ್ನಿನ ಆ ಶನಿವಾರದ ರಾತ್ರಿಗೂ ಇದಕ್ಕೂ ಗಾತ್ರದಲ್ಲಿ ಮಾತ್ರ ಭೇದ.

ಆದುದರಿಂದ ಅಧಿಕಾರವುಳ್ಳ ಗೃಹಸ್ಥನು ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಕುಳಿತ ಹೊತ್ತಿನಲ್ಲಿ ತನ್ನನ್ನು ತಾನೇ ಮೂರು ಮಾತು ಕೇಳಿಕೊಳ್ಳಬೇಕು. ಬಾಗಿಲು ಮುಚ್ಚಿ ಆಡಿದ ಮಾತನ್ನು ಬಾಗಿಲು ತೆರೆದು ಆಡಬಲ್ಲೆನೇ? ಈ ಸ್ಥಾನಕ್ಕೆ ಬಂದ ದಿನ ಕೊಟ್ಟ ಭಾಷೆ ಇನ್ನೂ ನೆನಪಿದೆಯೇ? ಮಾತೋ ಸ್ಥಾನವೋ ಎಂಬ ದಿನ ಬಂದರೆ ಕೈ ಯಾವುದನ್ನು ಬಿಟ್ಟೀತು? ಈ ಮೂರಕ್ಕೂ ಅಳುಕಿಲ್ಲದೆ ಉತ್ತರ ಹೇಳಬಲ್ಲವನು ಪೀಠದಲ್ಲಿದ್ದರೂ ಭಕ್ತ, ಇಳಿದರೂ ಭಕ್ತ. ಅವನ ಕಾವಲಿಗೆ ಸುಳ್ಳು ಬೇಕಿಲ್ಲ. ಅವನ ನುಡಿಯೇ ಅವನ ಪರವಾದ ಸಾಕ್ಷಿ. ಅಂತಹ ನುಡಿಯ ಬಲವು ಸಕಲ ಸದ್ಭಕ್ತರ ಮನೆಮನೆಗಳಲ್ಲಿ ನೆಲೆಗೊಳ್ಳಲಿ.