ಹತ್ತನೆಯ ದ್ರವ್ಯ

2022ರ ಜನವರಿ 23, ಭಾನುವಾರ. ಚೆನ್ನೈನ ವಡಪಳನಿ ಮುರುಗನ ದೇವಸ್ಥಾನದಲ್ಲಿ ಕುಂಭಾಭಿಷೇಕ. ಕೊರೊನಾ ಕಾರಣಕ್ಕೆ ಅಂದು ತಮಿಳುನಾಡಿನಾದ್ಯಂತ ಲಾಕ್‌ಡೌನ್, ಭಕ್ತರಿಗೆ ಪ್ರವೇಶವಿಲ್ಲ. ಪಕ್ಕದ ಬೀದಿಯವರೂ ಮನೆಯಲ್ಲೇ ನೇರಪ್ರಸಾರ ನೋಡಿ ಕೈಮುಗಿಯಬೇಕಾಯಿತು. ಬಿಸಿಲಿಗೆ ಹೊಳೆಯುವ ಗೋಪುರ, ಕಳಶದ ಮೇಲೆ ಸುರಿಯುವ ನೀರು ಎಂಥ ಟಿವಿಯಲ್ಲೂ ಚೆನ್ನಾಗಿಯೇ ಕಾಣುತ್ತವೆ. ಪರದೆಯ ಬಂಡವಾಳ ಬಯಲಾಗುವುದು ಗರ್ಭಗುಡಿಯಲ್ಲಿ: ಕಪ್ಪು ಕಲ್ಲು, ಸುತ್ತ ಕತ್ತಲು, ನಡುವೆ ಒಂದು ಎಣ್ಣೆದೀಪ.

ಸಾಧಾರಣ ಎಲ್‌ಇಡಿ ಟಿವಿಯಲ್ಲಿ ಆ ಕತ್ತಲು ಬೂದಿಬಣ್ಣಕ್ಕೆ ತಿರುಗುತ್ತದೆ. ಅಂಗಡಿಯವರು ಎಲ್‌ಇಡಿ ಎಂದು ಮಾರುವುದು ಅಸಲಿಗೆ ಎಲ್‌ಸಿಡಿಯನ್ನೇ. ಹಿಂದೆ ಎಲ್‌ಇಡಿ ದೀಪಗಳು ಉರಿಯುತ್ತಿರುತ್ತವೆ, ಮುಂದಿನ ದ್ರವಸ್ಫಟಿಕದ ಪದರ ಆ ಬೆಳಕನ್ನು ತಡೆಯುತ್ತದೆ. ಪೂರ್ತಿ ತಡೆಯಲು ಅದಕ್ಕೆ ಆಗುವುದಿಲ್ಲ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳನ್ನು ವಲಯಗಳಾಗಿ ವಿಂಗಡಿಸಿ ಬೇಕಾದಲ್ಲಿ ಮಂದ ಮಾಡುತ್ತಾರೆ. ಆದರೂ ಜ್ಯೋತಿಯ ಸುತ್ತ ಮಸುಕಾದ ಬೆಳಕು ಸೋರುವುದುಂಟು. ಯಾವ ಶಿಲ್ಪಿಯೂ ಮಾಡದ ಪ್ರಭಾವಳಿ ಅದು! ಓಎಲ್‌ಇಡಿಯ ದಾರಿ ಬೇರೆ. 4ಕೆ ಪರದೆಯ ಸುಮಾರು 83 ಲಕ್ಷ ಚುಕ್ಕಿಗಳೂ ತಾವೇ ಬೆಳಗುತ್ತವೆ; ಕಪ್ಪು ಬೇಕಾದಲ್ಲಿ ಆರಿಹೋಗುತ್ತವೆ. ಗಿರಾಕಿ ಹೆಚ್ಚಿನ ದುಡ್ಡು ತೆರುವುದು ಬಹುಮಟ್ಟಿಗೆ ಆ ಇಲ್ಲದ ಬೆಳಕಿಗೆ.

ಇಲ್ಲದ್ದಕ್ಕೆ ದುಡ್ಡೆ?

ಈ ಜಗಳ ಟಿವಿಗಿಂತ ಬಹಳ ಹಳೆಯದು. ತರ್ಕ ಕಲಿಯುವ ಹುಡುಗರು ಮೊದಲು ಓದುವ ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲಿ ದ್ರವ್ಯಗಳು ಒಂಬತ್ತು. ಅದಕ್ಕೆ ತಾನೇ ಬರೆದ ‘ದೀಪಿಕೆ’ಯಲ್ಲಿ ಆತ ಆಕ್ಷೇಪವನ್ನೂ ಎತ್ತಿಕೊಳ್ಳುತ್ತಾನೆ: ಕತ್ತಲು ಹತ್ತನೆಯ ದ್ರವ್ಯವಲ್ಲವೆ? ಅದಕ್ಕೆ ಬಣ್ಣವಿದೆ, ಚಲನೆಯಿದೆ. ಗುಣ, ಕ್ರಿಯೆ ಇದ್ದದ್ದು ದ್ರವ್ಯವೇ ಆಗಬೇಕು. ಭಾಟ್ಟ ಮೀಮಾಂಸಕರ ಪಟ್ಟು ಇದು. ನ್ಯಾಯದರ್ಶನದ ನೈಯಾಯಿಕ ಒಪ್ಪುವುದಿಲ್ಲ. ಬಣ್ಣವುಳ್ಳ ವಸ್ತುವನ್ನು ಕಾಣಲು ಕಣ್ಣಿಗೆ ಬೆಳಕು ಬೇಕು. ಬೆಳಕು ತಂದೊಡನೆ ಇಲ್ಲವಾಗುವ ಕತ್ತಲು ಎಂಥ ವಸ್ತು? ಚಲಿಸಿದ್ದು ದೀಪ, ಕತ್ತಲಲ್ಲ. ಕತ್ತಲು ಎಂದರೆ ತೇಜಸ್ಸಿನ ಅಭಾವ, ಅಷ್ಟೆ. ಆದರೆ ಅವನ ಲೆಕ್ಕದಲ್ಲಿ ಅಭಾವವೂ ಏಳು ಪದಾರ್ಥಗಳಲ್ಲಿ ಒಂದು. ಪದಾರ್ಥವೆಂದ ಮೇಲೆ ಬೆಲೆಚೀಟಿ ಅಂಟಿಸಲು ಅಡ್ಡಿಯೇನು?

ಇದೇ ವಡಪಳನಿಯ ಎವಿಎಂ ಸಂಸ್ಥೆಯ ಜೊತೆಗೂಡಿ ಗುಬ್ಬಿ ವೀರಣ್ಣನವರ ಬಳಗ ತೆಗೆದ ಚಿತ್ರ ‘ಬೇಡರ ಕಣ್ಣಪ್ಪ’. ಎಚ್.ಎಲ್.ಎನ್. ಸಿಂಹ ನಿರ್ದೇಶನದ ಆ ಚಿತ್ರದಿಂದ 1954ರಲ್ಲಿ ರಾಜ್‌ಕುಮಾರ್ ನಾಯಕರಾದರು. ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟವನ ಕಥೆ, ಕಪ್ಪು-ಬಿಳುಪಿನಲ್ಲಿ. ಅಂದಿನ ರೀಲಿನಲ್ಲಿ ಕಪ್ಪು ಎಂದರೆ ಬೆಳ್ಳಿಯ ಸಣ್ಣ ಸಣ್ಣ ಕಣಗಳು. ಪ್ರೊಜೆಕ್ಟರಿನ ದೀಪಕ್ಕೆ ಅಡ್ಡ ನಿಂತು ಅವು ಪರದೆಗೆ ಕತ್ತಲು ತರುತ್ತಿದ್ದವು. ಅಲ್ಲಿ ಕತ್ತಲಿನ ಬೆನ್ನಿಗೆ ನಿಜವಾಗಿಯೂ ಒಂದು ದ್ರವ್ಯ ಇತ್ತು, ಭಾಟ್ಟರು ಬೀಗಬಹುದಿತ್ತು. ಅದೇ ಚಿತ್ರವನ್ನು ಓಎಲ್‌ಇಡಿಯಲ್ಲಿ ಹಾಕಿದರೆ ಗೆಲುವು ನೈಯಾಯಿಕನ ಪಾಲಿಗೆ.

ಉಡುಪಿಯವರ ಮಾತನ್ನು ಇಲ್ಲಿ ಬಿಡುವಂತಿಲ್ಲ. ಮಾಧ್ವರು ಎಣಿಸುವ ಇಪ್ಪತ್ತು ದ್ರವ್ಯಗಳಲ್ಲಿ ಅಂಧಕಾರವೂ ಇದೆ, ಪ್ರತಿಬಿಂಬವೂ ಇದೆ. ಟಿವಿ ಕೊಳ್ಳುವವರಿಗೆ ಎರಡನೆಯದೇ ಹೆಚ್ಚು ಕಾಟ ಕೊಡುವುದು. ಚೆನ್ನೈನ ಮಧ್ಯಾಹ್ನದಲ್ಲಿ ಕಿಟಕಿ ತೆರೆದಿದ್ದರೆ, ಗಾಜಿನ ಮೇಲೆ ಕಿಟಕಿಯ ಸರಳು, ಸೋಫಾ, ಕುಳಿತವರ ಮುಖ ಎಲ್ಲವೂ ಮೂಡುತ್ತವೆ. ಚುಕ್ಕಿಗಳು ಆರಿದ್ದರೂ ಕಣ್ಣಿಗೆ ಬೀಳುವುದು ಕೋಣೆಯ ಬೆಳಕು. ಅಭಾವಕ್ಕೂ ಒಂದು ಅಧಿಕರಣ ಬೇಕು ಎನ್ನುತ್ತದೆ ನ್ಯಾಯಶಾಸ್ತ್ರ. ಟಿವಿಯ ಕತ್ತಲಿಗೆ ಬೇಕಾದ ನೆಲೆ ಕೋಣೆಯ ಕತ್ತಲೇ. ಅದನ್ನು ಯಾವ ಕಂಪನಿಯೂ ಪೆಟ್ಟಿಗೆಯಲ್ಲಿಟ್ಟು ಕೊಡುವುದಿಲ್ಲ. ಹಗಲೇ ಹೆಚ್ಚು ನೋಡುವ ಮನೆಗೆ ಪ್ರಖರವಾಗಿ ಬೆಳಗುವ ಮಿನಿ ಎಲ್‌ಇಡಿ ಮೇಲು. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಿಗೆ ಓಎಲ್‌ಇಡಿ.

ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ಭಕ್ತಿ ಚಾನೆಲ್ ಹಚ್ಚಿಡುವ ಹಿರಿಯರಿದ್ದರೆ ಇನ್ನೊಂದು ಯೋಚನೆಯೂ ಬೇಕು. ಓಎಲ್‌ಇಡಿಯ ಸಾವಯವ ಪದಾರ್ಥ ಉರಿದಷ್ಟೂ ಸವೆಯುತ್ತದೆ. ಮೂಲೆಯಲ್ಲಿ ವರ್ಷಗಟ್ಟಲೆ ಕದಲದೆ ನಿಂತ ಲೋಗೊದ ಜಾಗದ ಚುಕ್ಕಿಗಳು ಉಳಿದವಕ್ಕಿಂತ ಬೇಗ ಮಂಕಾಗಬಹುದು. ಆಮೇಲೆ ಚಾನೆಲ್ ಬದಲಿಸಿದರೂ ಲೋಗೊದ ನೆರಳು ಅಲ್ಲೇ ಕಾಣುತ್ತದೆ. ಅದು ಭ್ರಮೆಯಲ್ಲ, ಪ್ರಧ್ವಂಸಾಭಾವ: ಇದ್ದದ್ದು ನಾಶವಾಗಿ ಉಂಟಾದ ಅಭಾವ. ಮತ್ತು ಅನೇಕ ಕಂಪನಿಗಳ ವಾರಂಟಿಯೊಳಗೆ ಬರುವುದಿಲ್ಲ.